ತೇವಾಂಶ ಮಾಪಕದ ತಕರಾರು ಓವನ್‌ನಲ್ಲಿ ತೀರಲಿ

ಮಾನ್ಯ ಸಂಪಾದಕರೇ,

ತೊಗರಿಯ ರಾಶಿ ಮುಗಿದು ಮಾಲು ಖರೀದಿ ಕೇಂದ್ರಗಳತ್ತ ಹೊರಡುವ ದಿನಗಳಲ್ಲಿ ಬೆಂಬಲ ಬೆಲೆಯ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ನಡೆಯುತ್ತದೆ. ಆದರೆ ಆ ಬೆಲೆ ರೈತನ ಕೈ ಸೇರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ತೇವಾಂಶ ಮಾಪಕವೆಂಬ ಒಂದು ಸಣ್ಣ ಎಲೆಕ್ಟ್ರಾನಿಕ್ ಉಪಕರಣದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಸರ್ಕಾರಿ ಖರೀದಿಯಲ್ಲಿ ತೊಗರಿಯ ತೇವಾಂಶ ಶೇ 12ನ್ನು ಮೀರುವಂತಿಲ್ಲ. ಮಾಪಕ ಶೇ 12.4 ಎಂದು ತೋರಿಸಿದರೆ ಚೀಲಗಳನ್ನು ಇಳಿಸಿ, ತಾಡಪತ್ರಿ ಹಾಸಿ ಮತ್ತೆ ಒಣಗಿಸಬೇಕು. ಇಲ್ಲವೇ ಅಡತ್ ಅಂಗಡಿಯಲ್ಲಿ ಸಿಕ್ಕಿದ ದರಕ್ಕೆ ಕೊಟ್ಟು ಬರಬೇಕು.

ಇಂಥ ಮಾಪಕಗಳನ್ನು ಕಾನೂನು ಮಾಪನಶಾಸ್ತ್ರ (ತೂಕ ಮತ್ತು ಅಳತೆ) ನಿಯಮಗಳ ವ್ಯಾಪ್ತಿಗೆ ತರುವ ಕರಡನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2025ರಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಇಂಥ ಮಾನದಂಡವನ್ನು ರೂಪಿಸುವಾಗಲೂ ಮುಂದೆ ಪರಿಷ್ಕರಿಸುವಾಗಲೂ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ದೋಷದ ಮಿತಿ, ಅಂದರೆ ಯಂತ್ರ ಎಷ್ಟರವರೆಗೆ ತಪ್ಪಬಹುದು ಎಂಬುದು, ತುಸು ಸಡಿಲವಾಗಿರಲಿ ಎಂದು ತಯಾರಕರು, ತಪಾಸಣೆಯ ಖರ್ಚು ಕಡಿಮೆ ಇರಲಿ ಎಂದು ಖರೀದಿ ಸಂಸ್ಥೆಗಳು, ಯಂತ್ರ ಕರಾರುವಾಕ್ಕಾಗಿರಲಿ ಎಂದು ಬೆಳೆಗಾರರು ಬಯಸುವುದು ಸಹಜ. ನನ್ನ ಆಕ್ಷೇಪವಿರುವುದು ಈ ಭಿನ್ನಾಭಿಪ್ರಾಯವನ್ನು ಚೌಕಾಸಿಯಿಂದ ತೀರಿಸುವ ರೂಢಿಯ ಬಗ್ಗೆ. ಆ ಮಿತಿ ಶೇಕಡಾ ಅರ್ಧ ಇರಲಿ ಎಂದು ಒಬ್ಬರು, ಒಂದೂವರೆ ಇರಲಿ ಎಂದು ಇನ್ನೊಬ್ಬರು ಪಟ್ಟು ಹಿಡಿದಾಗ ಸಮಿತಿ ‘ಒಂದು’ ಎಂದು ಬರೆದರೆ ಸಭೆ ಮುಗಿಯಬಹುದು, ತಕರಾರು ಮುಗಿಯುವುದಿಲ್ಲ.

ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಜಗಳಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು ಅಳೆದು ತೀರಿಸಬಹುದಾದದ್ದು. ಬಹುಪಾಲು ಮಾಪಕಗಳು ನೀರನ್ನು ನೇರವಾಗಿ ಅಳೆಯುವುದಿಲ್ಲ. ಕಾಳಿನ ವಿದ್ಯುತ್ ಗುಣವನ್ನು ಅಳೆದು, ಒಳಗೆ ತುಂಬಿಟ್ಟಿರುವ ಆಯಾ ಬೆಳೆಯ ಅಂಶಾಂಕನದ (ಕ್ಯಾಲಿಬ್ರೇಶನ್) ಆಧಾರದ ಮೇಲೆ ತೇವಾಂಶವನ್ನು ಅಂದಾಜು ಮಾಡುತ್ತವೆ. ಕಾಳಿನ ಗಾತ್ರ, ಪಾತ್ರೆಯಲ್ಲಿ ಅದು ಎಷ್ಟು ದಟ್ಟವಾಗಿ ಕೂತಿದೆ ಎಂಬುದು, ಮಾಲಿನ ಉಷ್ಣತೆ ಎಲ್ಲವೂ ಅಂಕಿಯನ್ನು ಅತ್ತಿತ್ತ ಮಾಡುತ್ತವೆ. ಪುಷ್ಯದ ಚಳಿಯ ಬೆಳಿಗ್ಗೆ ಮತ್ತು ಅದೇ ದಿನದ ಮಧ್ಯಾಹ್ನ ಒಂದೇ ಚೀಲದ ತೊಗರಿಗೆ ಎರಡು ಅಂಕಿ ಬಂದರೆ, ಉಷ್ಣತೆಯ ತಿದ್ದುಪಡಿ ಸರಿಯಿಲ್ಲ ಎಂಬ ಅನುಮಾನ ಬರಲೇಬೇಕು. ಇದಕ್ಕೆ ಉತ್ತರ ಹೇಳಬಲ್ಲದ್ದು ಓವನ್ ವಿಧಾನ: ಮಾದರಿಯನ್ನು ಒಣಗಿಸಿ, ಮೊದಲಿನ ಮತ್ತು ನಂತರದ ತೂಕದ ವ್ಯತ್ಯಾಸ ನೋಡುವುದು. ಬೇಳೆಕಾಳುಗಳಿಗಾಗಿಯೇ ಈ ವಿಧಾನದ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) 24557 ಎಂಬ ಮಾನದಂಡ 2009ರಿಂದ ಇದೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಕೊಟ್ಟ ಟಿಎಸ್-3ಆರ್, ಜಿಆರ್‌ಜಿ-811 ತಳಿಗಳ ಕಾಳನ್ನು ಇಲ್ಲಿಯೇ ಓವನ್‌ಗೆ ಹಾಕಿ, ಅದರ ಪಕ್ಕದಲ್ಲಿ ಮಾಪಕಗಳನ್ನಿಟ್ಟು ನೋಡಿದರೆ ಯಾರ ವಾದ ಎಷ್ಟು ಸರಿ ಎಂಬುದು ಗೊತ್ತಾಗುತ್ತದೆ. ತೇವಾಂಶ ಮಾಪಕಗಳ ಬಗ್ಗೆ ಅಂತರರಾಷ್ಟ್ರೀಯ ಕಾನೂನು ಮಾಪನಶಾಸ್ತ್ರ ಸಂಸ್ಥೆಯ (ಒಐಎಂಎಲ್) ಶಿಫಾರಸಾದ ಆರ್ 59 ತನ್ನ ಶೀರ್ಷಿಕೆಯಲ್ಲಿ ಹೇಳುವುದು ಏಕದಳ ಧಾನ್ಯ ಮತ್ತು ಎಣ್ಣೆಕಾಳುಗಳನ್ನು ಮಾತ್ರ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ತೊಗರಿ ಬೆಳೆಯುವ ನಾವು, ನಮ್ಮ ನಿಯಮದಲ್ಲಿ ಬೇಳೆಕಾಳುಗಳ ಹೆಸರೂ ಸ್ಪಷ್ಟವಾಗಿ ಇರಲಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಎರಡನೆಯ ಜಗಳವನ್ನು ಯಾವ ಪ್ರಯೋಗಾಲಯವೂ ತೀರಿಸಲಾರದು. ಯಾವ ಮಾಪಕವೂ ಪೂರ್ತಿ ನಿಖರವಲ್ಲ. ಹಾಗಿರುವಾಗ ದೋಷದ ಮಿತಿಯೊಳಗೇ ಬರುವ ಅಂಕಿಯ ಅನುಮಾನದ ಲಾಭ ಯಾರಿಗೆ ಸಲ್ಲಬೇಕು? ಶೇಕಡಾ ಅರ್ಧದಷ್ಟು ತಪ್ಪಬಹುದೆಂದು ನಿಯಮವೇ ಒಪ್ಪಿಕೊಂಡಿರುವ ಯಂತ್ರವು 12.4 ತೋರಿಸಿದರೆ ನಿಜವಾದ ತೇವಾಂಶ 12ರೊಳಗೂ ಇರಬಹುದು. ಹಸಿ ಮಾಲಿಗೆ ಬೂಸ್ಟು, ಹುಳು ಹತ್ತುತ್ತದೆ ಎಂಬುದು ನಿಜ, ಮಿತಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಶೇ 13ರ ತೇವಾಂಶದ ಒಂದು ಕ್ವಿಂಟಲ್ ತೊಗರಿ ಶೇ 12ಕ್ಕೆ ಇಳಿದಾಗ ಕಡಿಮೆಯಾಗುವ ತೂಕ ಸುಮಾರು 1.1 ಕಿಲೊ ಮಾತ್ರ. ಮಾಲು ವಾಪಸ್ ಒಯ್ಯುವ ಬಾಡಿಗೆ, ಹಮಾಲಿ, ಕೈತಪ್ಪಿದ ಸರದಿ ಇವುಗಳ ಮುಂದೆ ಅದು ಏನೂ ಅಲ್ಲ. ಇದು ನೀತಿಯ ಪ್ರಶ್ನೆ. ಇದನ್ನು ತಾಂತ್ರಿಕ ಕೋಷ್ಟಕದೊಳಗೆ ಅಡಗಿಸದೆ ಬಹಿರಂಗವಾಗಿ ತೀರ್ಮಾನಿಸಬೇಕು.

ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಗಳಲ್ಲಿ ಒಮ್ಮತವೆಂದರೆ ಎಲ್ಲರೂ ಕೈ ಎತ್ತುವುದಲ್ಲ. ಮುಖ್ಯ ವಿಷಯಗಳ ಮೇಲೆ ಸಂಬಂಧಪಟ್ಟ ಯಾವುದೇ ಪ್ರಮುಖ ವರ್ಗದ ಪಟ್ಟುಬಿಡದ ವಿರೋಧ ಉಳಿದಿರಬಾರದು ಎಂಬುದು ಅಲ್ಲಿಯ ಅಳತೆ. ಐಎಸ್‌ಒ ಕರಡು ಅಂಗೀಕಾರವಾಗಲು ಭಾಗವಹಿಸುವ ಸದಸ್ಯರು ಹಾಕಿದ ಮತಗಳಲ್ಲಿ ಮೂರನೇ ಎರಡು ಭಾಗದಷ್ಟು ಪರವಾಗಿರಬೇಕು, ವಿರೋಧ ಒಟ್ಟು ಮತಗಳ ಕಾಲುಭಾಗವನ್ನು ಮೀರಬಾರದು. ತಾಂತ್ರಿಕ ಕಾರಣ ಕೊಡದ ವಿರೋಧ ಮತವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಕೊನೆಯ ಶಿಸ್ತು ಎರಡೂ ಕಡೆಗೆ ಅನ್ವಯಿಸಬೇಕು. ವಿರೋಧಿಸುವವರು ಕಾರಣ ಕೊಡಬೇಕಾದರೆ, ಆಕ್ಷೇಪವನ್ನು ತಳ್ಳಿಹಾಕುವ ಸಮಿತಿಯೂ ಲಿಖಿತ ಕಾರಣ ಕೊಟ್ಟು ಅದನ್ನು ಪ್ರಕಟಿಸಬೇಕು.

ಇಂಥ ನಿಯಮಗಳ ಕರಡು ಕನ್ನಡದಲ್ಲಿಯೂ ಬರಬೇಕು, ಮುಂಗಾರು ಬಿತ್ತನೆಯ ಗಡಿಬಿಡಿಯಲ್ಲಿ ಬಾರದಿದ್ದರೆ ಇನ್ನೂ ಒಳ್ಳೆಯದು. ಕಲಬುರಗಿಯಲ್ಲಿಯೇ ಇರುವ ತೊಗರಿ ಅಭಿವೃದ್ಧಿ ಮಂಡಳಿಯು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬೆಳೆಗಾರರ ಆಕ್ಷೇಪಗಳನ್ನು ಒಟ್ಟುಗೂಡಿಸಿ, ಓವನ್ ಪರೀಕ್ಷೆಯ ಅಂಕಿಗಳ ಸಮೇತ ಕಳಿಸಿಕೊಡಬಹುದು. ಅಲ್ಲಿಯವರೆಗೆ, ತಿರಸ್ಕೃತವಾದ ಪ್ರತಿ ಮಾಲಿನಿಂದ ಗಾಳಿಯಾಡದಂತೆ ಮುಚ್ಚಿದ ಒಂದು ಮಾದರಿಯನ್ನು ಇಟ್ಟುಕೊಂಡು, ರೈತ ಕೇಳಿದರೆ ಮರುಪರೀಕ್ಷೆ ಮಾಡಿಸುವ ವ್ಯವಸ್ಥೆಯನ್ನು ಈ ಹಂಗಾಮಿನಲ್ಲಿಯೇ ಖರೀದಿ ಕೇಂದ್ರಗಳಲ್ಲಿ ಆರಂಭಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

ತಮ್ಮ ವಿಶ್ವಾಸಿ,
ತೊಗರಿ ಬೆಳೆಗಾರ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ