ಸರ್ವರ್ ಬಾಡಿಗೆಗೆ ಹಿಡಿಯುವುದೋ, ಸ್ವಂತದ್ದನ್ನು ಕೊಲೊಕೇಶನ್‌ಗೆ ಇಡುವುದೋ?

ಮಾನ್ಯ ಸಂಪಾದಕರೇ,

ಡೆಡಿಕೇಟೆಡ್ ಸರ್ವರ್‌ಗೆ, ಅಂದರೆ ಇಡೀ ಮಷಿನ್ ನಮಗೊಬ್ಬರಿಗೇ ಸಿಗುವ ಸರ್ವರ್‌ಗೆ, ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ದಂಡ, ಸ್ವಂತ ಮಷಿನ್ ಕೊಂಡು ಡೇಟಾ ಸೆಂಟರ್‌ನಲ್ಲಿ ಕೊಲೊಕೇಶನ್‌ಗೆ ಇಟ್ಟರೆ ಹಾಕಿದ ದುಡ್ಡು ಬೇಗ ವಾಪಸ್ ಬರುತ್ತದೆ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಇದನ್ನು ನಂಬಿ ಸಣ್ಣ ಸಂಸ್ಥೆಗಳು ಒಂದೇ ಒಂದು ಸರ್ವರ್ ಕೊಂಡು ಡೇಟಾ ಸೆಂಟರ್‌ನ ಕಪಾಟಿಗೆ, ಅಂದರೆ ರ‍್ಯಾಕ್‌ಗೆ ಏರಿಸಿಬಿಡುತ್ತವೆ. ಲೆಕ್ಕ ಅಷ್ಟು ಸರಳವಾಗಿಲ್ಲ. ಒಂದೆರಡು ಸರ್ವರ್ ಸಾಕು ಎನ್ನುವವರು ಬಾಡಿಗೆಗೇ ಹಿಡಿಯಲಿ. ಐದಾರು ಮಷಿನ್‌ಗಳಿಗೆ ವರ್ಷಪೂರ್ತಿ ಏರುಪೇರಿಲ್ಲದ ಕೆಲಸವಿದ್ದು, ಫೋನ್ ಬಂದ ಒಂದೆರಡು ಗಂಟೆಯೊಳಗೆ ಡೇಟಾ ಸೆಂಟರ್ ತಲುಪಬಲ್ಲ ಒಬ್ಬರಾದರೂ ಇದ್ದರೆ ಮಾತ್ರ ಕೊಲೊಕೇಶನ್ ಯೋಚಿಸಲಿ. ಹೀಗೆ ಹೇಳಲು ಕಾರಣಗಳಿವೆ.

ಮೊದಲು ಹಣದ ಲೆಕ್ಕ. ಬಾಡಿಗೆ ಸರ್ವರ್‌ನ ತಿಂಗಳ ದರ 100 ಎಂದಿಟ್ಟುಕೊಳ್ಳಿ. ಇದು ಲೆಕ್ಕ ತೋರಿಸಲು ಹಿಡಿದ ಅಂಕಿ. ನಿಮಗೆ ಬಂದ ಕೊಟೇಶನ್ ಇಟ್ಟು ಇದೇ ರೀತಿ ಹಾಕಿ ನೋಡಬಹುದು. ಅಷ್ಟೇ ಸಾಮರ್ಥ್ಯದ ಮಷಿನ್‌ಗೆ 1800, ಎತ್ತಿಟ್ಟುಕೊಳ್ಳುವ ಬಿಡಿಭಾಗಗಳಿಗೆ 300, ಸಾಗಣೆ ಮತ್ತು ಅಳವಡಿಕೆಗೆ 100 ಎಂದರೆ ಆರಂಭದಲ್ಲೇ 2200 ಹೋಯಿತು. ಆಮೇಲೆ ಜಾಗ, ಕರೆಂಟು, ಬ್ಯಾಂಡ್‌ವಿಡ್ತ್ ಸೇರಿ ತಿಂಗಳಿಗೆ 55, ಡೇಟಾ ಸೆಂಟರ್ ಸಿಬ್ಬಂದಿಯ ಕೈಕೆಲಸಕ್ಕೆ, ಅಂದರೆ ರಿಮೋಟ್ ಹ್ಯಾಂಡ್ಸ್‌ಗೆ, 10. ತಿಂಗಳಿಗೆ ಉಳಿಯುವುದು 35. 2200 ವಾಪಸ್ ಬರಲು ಸುಮಾರು 63 ತಿಂಗಳು ಬೇಕು. ಅಷ್ಟರಲ್ಲಿ ಮಷಿನ್‌ಗೆ ಐದು ವರ್ಷ ದಾಟಿರುತ್ತದೆ, ವಾರಂಟಿ ಮುಗಿದಿರುತ್ತದೆ. ಅದೇ ಆರು ಮಷಿನ್ ಆದರೆ? ಬಾಡಿಗೆ 600. ಕೊಳ್ಳಲು 10,800, ಆರಕ್ಕೂ ಒಂದೇ ಬಿಡಿಭಾಗದ ಸೆಟ್‌ಗೆ 500, ಸ್ವಿಚ್ ಮತ್ತು ಅಳವಡಿಕೆಗೆ 700, ಒಟ್ಟು 12,000. ಕಾಲು ರ‍್ಯಾಕ್ ಹಿಡಿದು ಎಲ್ಲ ಸೇರಿ ತಿಂಗಳಿಗೆ 240 ಬಿದ್ದರೂ ಉಳಿತಾಯ 360. ಸುಮಾರು 33 ತಿಂಗಳಲ್ಲಿ ಹಣ ವಾಪಸ್. ಬಿಡಿಭಾಗ, ಸ್ವಿಚ್, ಓಡಾಟದ ಖರ್ಚು ಹಲವು ಮಷಿನ್‌ಗಳ ಮೇಲೆ ಹಂಚಿಹೋಗುವುದರಿಂದಲೇ ಇಷ್ಟು ಅಂತರ. ಹೆಚ್ಚು ರ‍್ಯಾಮ್, ಹೆಚ್ಚು ಡಿಸ್ಕ್ ಬೇಕಾದ ಕೆಲಸವಾದರೆ ಸ್ವಂತ ಮಷಿನ್ ಕಡೆಗೆ ತಕ್ಕಡಿ ಇನ್ನಷ್ಟು ಬೇಗ ವಾಲುತ್ತದೆ. ಬಾಡಿಗೆಯಲ್ಲಿ ಹೆಚ್ಚುವರಿ ರ‍್ಯಾಮ್‌ಗೆ ಪ್ರತಿ ತಿಂಗಳೂ ಕಟ್ಟುತ್ತಲೇ ಇರಬೇಕು. ಕೊಂಡರೆ ಒಂದೇ ಸಲ.

ಕೊಲೊಕೇಶನ್‌ನಲ್ಲಿ ಜಾಗಕ್ಕಿಂತ ಕರೆಂಟು ದುಬಾರಿ, ಮತ್ತು ಹೊಸಬರು ಹೆಚ್ಚು ಎಡವುವುದೂ ಇಲ್ಲೇ. ಪವರ್ ಸಪ್ಲೈ ಮೇಲೆ 750 ವ್ಯಾಟ್ ಎಂದು ಬರೆದಿರುವುದು ಅದು ಕೊಡಬಲ್ಲ ಗರಿಷ್ಠ. ಮಷಿನ್ ಎಳೆಯುವುದು ಅಷ್ಟಲ್ಲ. ರ‍್ಯಾಕ್‌ಗೆ ಒಯ್ಯುವ ಮುನ್ನವೇ ಪ್ಲಗ್ ಮೀಟರ್ ಹಾಕಿ, ಸುಮ್ಮನಿರುವಾಗ ಎಷ್ಟು, ಪೂರ್ತಿ ಲೋಡ್‌ನಲ್ಲಿ ಎಷ್ಟು, ಆನ್ ಮಾಡಿದಾಗ ಫ್ಯಾನ್‌ಗಳೆಲ್ಲ ಒಮ್ಮೆಲೇ ಪೂರ್ತಿ ವೇಗದಲ್ಲಿ ತಿರುಗುವಾಗ ಎಷ್ಟು ಎಂದು ಮೂರೂ ಬರೆದಿಟ್ಟುಕೊಳ್ಳಬೇಕು. ಸದಾ 200 ವ್ಯಾಟ್ ಎಳೆಯುವ ಮಷಿನ್ ದಿನಕ್ಕೆ 4.8 ಯೂನಿಟ್, 30 ದಿನಕ್ಕೆ 144 ಯೂನಿಟ್ ತಿನ್ನುತ್ತದೆ. ತಂಪು ಮಾಡುವ ಖರ್ಚನ್ನೂ ಸೇರಿಸಲು ಇದನ್ನು ಪಿಯುಇ ಎಂಬ ಅಂಕಿಯಿಂದ ಗುಣಿಸುತ್ತಾರೆಯೇ ಎಂದು ಕೇಳಿ. ಅದು 1.5 ಆದರೆ ಬಿಲ್ ಬರುವುದು 216 ಯೂನಿಟ್‌ಗೆ.

ಎ ಮತ್ತು ಬಿ ಎಂದು ಎರಡು ಫೀಡ್, ಅಂದರೆ ಎರಡು ಪ್ರತ್ಯೇಕ ಕರೆಂಟು ಲೈನ್, ಕೊಟ್ಟಿದ್ದಾರೆ, ಸರ್ವರ್‌ಗೂ ಎರಡು ಪವರ್ ಸಪ್ಲೈ ಇವೆ, ಇನ್ನೇನು ಚಿಂತೆ ಎಂದುಕೊಳ್ಳುವವರಿದ್ದಾರೆ. ಒಂದೊಂದು ಫೀಡ್‌ಗೂ 16 ಆಂಪ್‌ನ ಬ್ರೇಕರ್ ಇದೆ ಎಂದುಕೊಳ್ಳಿ. ಸದಾ ಇರುವ ಲೋಡ್‌ಗೆ ಸಾಮಾನ್ಯವಾಗಿ ಅದರ ಶೇ. 80, ಅಂದರೆ 12.8 ಆಂಪ್, ದಾಟಬಾರದು. ಇದು ಎರಡೂ ಫೀಡ್ ಸೇರಿಸಿದ ಮಿತಿ. ಎ ಮೇಲೆ 10, ಬಿ ಮೇಲೆ 10 ಆಂಪ್ ಓಡುತ್ತಿದ್ದರೆ ಎರಡೂ ಬ್ರೇಕರ್ ತಣ್ಣಗೇ ಇರುತ್ತವೆ, ತಿಂಗಳುಗಟ್ಟಲೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ದುರಸ್ತಿಗೆಂದು ಎ ಫೀಡ್ ಆಫ್ ಮಾಡಿದ ಗಳಿಗೆ 20 ಆಂಪ್ ಪೂರ್ತಿ ಬಿ ಮೇಲೆ ಬೀಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ಬಿ ಬ್ರೇಕರ್ ಟ್ರಿಪ್ ಆಗಬಹುದು, ಆಗ ಇಡೀ ರ‍್ಯಾಕ್ ಕತ್ತಲಾಗುತ್ತದೆ. ಹಾಗಾಗಿ ಎಲ್ಲ ಮಷಿನ್ ಸೇರಿ ಒಂದು ಫೀಡ್‌ಗೆ 6.4 ಆಂಪ್ ದಾಟದಂತೆ ನೋಡಿಕೊಳ್ಳಬೇಕು. ಮಷಿನ್‌ಗಳನ್ನು ಕೆಲಸಕ್ಕೆ ಹಚ್ಚುವ ಮೊದಲೇ ಒಂದೊಂದು ಫೀಡ್‌ನ ಕೇಬಲ್ ಕಿತ್ತು, ಉಳಿದ ಫೀಡ್ ತಡೆಯುತ್ತದೆಯೇ ಎಂದು ಪರೀಕ್ಷಿಸುವುದೂ ಕಡ್ಡಾಯ. ಮಷಿನ್‌ನ ಆರಂಭಿಕ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಕರೆಂಟು ಮರಳಿದಾಗ ತಾನೇ ಆನ್ ಆಗುವಂತೆ ಇಡಿ. ಎಲ್ಲವೂ ಒಂದೇ ಕ್ಷಣಕ್ಕೆ ಎದ್ದು ಬ್ರೇಕರ್ ಮೇಲೆ ಬೀಳದಂತೆ ಒಂದೊಂದಕ್ಕೆ ಒಂದಿಷ್ಟು ಸೆಕೆಂಡ್ ವಿಳಂಬ ಕೊಡಿ. ಹಳೆಯ ಮಷಿನ್‌ನಲ್ಲಿ ಸೆಟ್ಟಿಂಗ್ ನೆನಪಿಡುವ ಸಿಆರ್2032 ಎಂಬ ಪುಟ್ಟ ಸೆಲ್ ಸತ್ತಿದ್ದರೆ ಈ ಸೆಟ್ಟಿಂಗ್ ಅಳಿಸಿಹೋಗಿ, ಕರೆಂಟು ಬಂದರೂ ಮಷಿನ್ ಎದ್ದೇಳದೇ ಇರಬಹುದು. ಸೆಕೆಂಡ್ ಹ್ಯಾಂಡ್ ಕೊಂಡವರು ಆ ಸೆಲ್ ಬದಲಿಸಿಯೇ ರ‍್ಯಾಕ್‌ಗೆ ಏರಿಸಲಿ.

ಬ್ಯಾಂಡ್‌ವಿಡ್ತ್ ಲೆಕ್ಕದಲ್ಲಿ ಎರಡು ಬಗೆ. ಬಾಡಿಗೆ ಸರ್ವರ್‌ಗೆ ಹೆಚ್ಚಾಗಿ ತಿಂಗಳಿಗೆ ಇಷ್ಟು ಟಿಬಿ ಎಂದು ಕೊಡುತ್ತಾರೆ. ಕೊಲೊಕೇಶನ್‌ನಲ್ಲಿ 95ನೇ ಪರ್ಸೆಂಟೈಲ್ ಪದ್ಧತಿ ಸಾಮಾನ್ಯ: ಐದು ನಿಮಿಷಕ್ಕೊಮ್ಮೆ ವೇಗ ಅಳೆದರೆ 30 ದಿನಕ್ಕೆ 8640 ಅಳತೆ, ಅದರಲ್ಲಿ ಅತಿ ಹೆಚ್ಚಿನ 432 ಅಳತೆ ಬಿಟ್ಟು, ಉಳಿದವುಗಳಲ್ಲಿ ದೊಡ್ಡದಕ್ಕೆ ಬಿಲ್. ಬಿಟ್ಟ 432 ಎಂದರೆ ತಿಂಗಳಿಗೆ 36 ಗಂಟೆ. ದಿನಕ್ಕೆ ಒಂದು ಗಂಟೆ ಬ್ಯಾಕಪ್ ಹರಿದರೆ ತಿಂಗಳಿಗೆ 30 ಗಂಟೆ, ಬಿಲ್‌ಗೆ ಸಿಗುವುದಿಲ್ಲ. ಅದೇ ಬ್ಯಾಕಪ್ ಒಂದೂವರೆ ಗಂಟೆ ಹಿಡಿದರೆ 45 ಗಂಟೆಯಾಗಿ, ತಿಂಗಳ ಬಿಲ್ ಪೂರ್ತಿ ಆ ವೇಗಕ್ಕೇ ಬರುತ್ತದೆ. ವೇಗಕ್ಕೆ ಮಿತಿ ಹಾಕಿ ರಾತ್ರಿಯಿಡೀ ನಿಧಾನವಾಗಿ ಹರಿಸುವುದು ಇಲ್ಲಿ ಜಾಣತನ. ಎರಡು ಬಗೆಯ ಕೊಟೇಶನ್ ಹೋಲಿಸಲು ಒಂದು ಅಂಕಿ ನೆನಪಿಡಿ: 1 ಎಂಬಿಪಿಎಸ್ ತಿಂಗಳಿಡೀ ನಿಲ್ಲದೆ ಹರಿದರೆ ಸುಮಾರು 324 ಜಿಬಿ.

ಕೆಟ್ಟಾಗ ಯಾರು ಬರುತ್ತಾರೆ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಬಾಡಿಗೆ ಸರ್ವರ್‌ನಲ್ಲಿ ಡಿಸ್ಕ್ ಹೋದರೆ ಟಿಕೆಟ್ ಹಾಕಿ, ಡಿಸ್ಕ್‌ನ ಸೀರಿಯಲ್ ನಂಬರ್ ಮತ್ತು ಅದರ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿ ಕೊಟ್ಟರೆ ಸಾಮಾನ್ಯವಾಗಿ ಅವರ ಗೋದಾಮಿನಿಂದಲೇ ಹೊಸದು ಬರುತ್ತದೆ. ಕೊಲೊಕೇಶನ್‌ನಲ್ಲಿ ಅದೇ ಡಿಸ್ಕ್ ನೀವು ಮೊದಲೇ ಕೊಂಡು ಅಲ್ಲಿಟ್ಟಿದ್ದರೆ ಮಾತ್ರ ಇದೆ. ಇಟ್ಟಿದ್ದರೂ ಬದಲಿಸುವ ಕೈ ನಿಮ್ಮದಲ್ಲ. ‘ಎರಡನೇ ಡಿಸ್ಕ್ ತೆಗೆಯಿರಿ’ ಎಂದು ಬರೆದರೆ ಸಿಬ್ಬಂದಿ ಒಂದರಿಂದ ಎಣಿಸುತ್ತಾರೆ, ಚಾಸಿಯ ಮೇಲೆ ಬೇ, ಅಂದರೆ ಡಿಸ್ಕ್ ಗೂಡಿನ, ನಂಬರ್ ಸೊನ್ನೆಯಿಂದ ಶುರುವಾಗಿರುತ್ತದೆ. ಒಂದೇ ಡೇಟಾವನ್ನು ಎರಡು ಡಿಸ್ಕ್‌ನಲ್ಲಿಡುವ ಮಿರರ್‌ನಲ್ಲಿ ಉಳಿದಿದ್ದ ಒಂದೇ ಒಳ್ಳೆಯ ಡಿಸ್ಕ್ ಕೈಗೆ ಬರುತ್ತದೆ, ಸರ್ವರ್ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮಷಿನ್ ಏರಿಸುವಾಗಲೇ ಪ್ರತಿ ಟ್ರೇ ಮೇಲೆ ಡಿಸ್ಕ್‌ನ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಅಂಟಿಸಿಡಿ. ಕೆಲಸ ಹೇಳುವಾಗ ಯಾವ ಡಿಸ್ಕ್ ಎಂದು ತೋರಿಸುವ ಲೊಕೇಟ್ ಲೈಟ್ ಮಿನುಗಿಸಿ, ಸೀರಿಯಲ್ ಬರೆದು, ತೆಗೆಯುವ ಮೊದಲು ಫೋಟೊ ಕಳಿಸಲು ಹೇಳಿ. ರಿಮೋಟ್ ಹ್ಯಾಂಡ್ಸ್‌ಗೆ ಹೆಚ್ಚಾಗಿ 15 ಅಥವಾ 30 ನಿಮಿಷದ ತುಂಡುಗಳಲ್ಲಿ ಬಿಲ್ ಮಾಡುತ್ತಾರೆ; ಅಸ್ಪಷ್ಟವಾಗಿ ಬರೆದ ಟಿಕೆಟ್ ಒಂದು ತುಂಡಿನ ಕೆಲಸವನ್ನು ನಾಲ್ಕು ತುಂಡು ಮಾಡುತ್ತದೆ. ಎರಡು ಡಿಸ್ಕ್, ಒಂದು ಪವರ್ ಸಪ್ಲೈ, ಒಂದು ರ‍್ಯಾಮ್ ಕಡ್ಡಿ, ಒಂದು ಸೆಟ್ ಫ್ಯಾನ್, ಒಂದು ಆಪ್ಟಿಕಲ್ ಮಾಡ್ಯೂಲ್, ನಾಲ್ಕಾರು ಕೇಬಲ್: ಇಷ್ಟಾದರೂ ರ‍್ಯಾಕ್‌ನಲ್ಲೇ ಪೆಟ್ಟಿಗೆ ಕಟ್ಟಿ ಇಡಬೇಕು. ಮರುದಿನ ಬರುವ ಕಂಪನಿ ವಾರಂಟಿ ಇದ್ದರೂ, ಬರುವ ಎಂಜಿನಿಯರ್‌ನ ಹೆಸರು ಪ್ರವೇಶ ಪಟ್ಟಿಯಲ್ಲಿ ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್.

ದೂರದಿಂದ ಮಷಿನ್ ಹಿಡಿಯುವ ದಾರಿ ಎಂದರೆ ಬಿಎಂಸಿ, ಅಂದರೆ ಮಷಿನ್ ಆಫ್ ಇದ್ದರೂ ಎಚ್ಚರವಿರುವ ಪುಟ್ಟ ನಿಯಂತ್ರಣ ಚಿಪ್. ಡೆಲ್‌ನಲ್ಲಿ ಐಡ್ರಾಕ್, ಎಚ್‌ಪಿಇಯಲ್ಲಿ ಐಲೋ. ಇವೆರಡರಲ್ಲೂ ಪೂರ್ತಿ ರಿಮೋಟ್ ಕನ್ಸೋಲ್ ಬೇಕಾದರೆ ಬೇರೆ ಲೈಸೆನ್ಸ್ ಬೇಕು. ಹಳೆಯ ಮಷಿನ್ ಕೊಳ್ಳುವಾಗ ಅದು ಇದೆಯೇ ನೋಡಿಕೊಳ್ಳಿ. ಈ ಪೋರ್ಟ್‌ಗೆ ಮಾತ್ರ ಯಾವ ಕಾರಣಕ್ಕೂ ಪಬ್ಲಿಕ್ ಐಪಿ ಕೊಡಬೇಡಿ. ಬಿಎಂಸಿ ಜೊತೆ ಮಾತಾಡುವ ಐಪಿಎಂಐ 2.0 ಪ್ರೊಟೊಕಾಲ್‌ನ ರಚನೆಯೇ ಹೇಗಿದೆಯೆಂದರೆ, ಲಾಗಿನ್ ಆಗುವ ಮುನ್ನವೇ ಪಾಸ್‌ವರ್ಡ್‌ನ ಹ್ಯಾಶ್, ಅಂದರೆ ಗೂಢರೂಪ, ಕೇಳಿದವರ ಕೈಗೆ ಹೋಗುತ್ತದೆ. ಅದನ್ನು ಕೂತಲ್ಲೇ ಒಡೆಯಬಹುದು. ಫರ್ಮ್‌ವೇರ್ ಅಪ್‌ಡೇಟ್ ಮಾಡಿದ ಮಾತ್ರಕ್ಕೆ ಈ ದೋಷ ಹೋಗದು. ಬಿಎಂಸಿಗಳನ್ನೆಲ್ಲ ಪ್ರತ್ಯೇಕ ಸ್ವಿಚ್‌ಗೆ ಅಥವಾ ವಿಲ್ಯಾನ್ ಎಂಬ ಪ್ರತ್ಯೇಕ ಜಾಲಕ್ಕೆ ಹಾಕಿ ವಿಪಿಎನ್ ಹಿಂದೆ ಇಡಬೇಕು. ಆ ವಿಪಿಎನ್ ಅದೇ ಸರ್ವರ್‌ಗಳ ಮೇಲೆ ಓಡುತ್ತಿದ್ದರೆ ಸರ್ವರ್ ಬಿದ್ದ ದಿನ ಒಳಗೆ ಹೋಗುವ ದಾರಿಯೂ ಮುಚ್ಚುತ್ತದೆ. ಅದಕ್ಕೊಂದು ಚಿಕ್ಕ ಪ್ರತ್ಯೇಕ ರೂಟರ್ ಇರಲಿ.

ಐಪಿ ವಿಳಾಸಗಳ ವಿಷಯ ಒಪ್ಪಂದಕ್ಕೆ ಮೊದಲೇ ಇತ್ಯರ್ಥವಾಗಬೇಕು. ಹಂಚಲು ಉಳಿದಿದ್ದ ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿದಿದೆ. ಸ್ಲ್ಯಾಶ್ 29 ಎಂದು ಕೊಟ್ಟರೆ ಎಂಟು ವಿಳಾಸ, ಜಾಲಕ್ಕೆ ಎರಡು, ರೂಟರ್‌ಗೆ ಒಂದು ಹೋಗಿ ಬಳಕೆಗೆ ಸಿಗುವುದು ಐದು. ಡೇಟಾ ಸೆಂಟರ್‌ನವರು ಎರಡು ರೂಟರ್ ಇಟ್ಟು, ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳುವ ವಿಆರ್‌ಆರ್‌ಪಿ ಓಡಿಸುತ್ತಿದ್ದರೆ ಮೂರೇ. ಬಾಡಿಗೆಯಾಗಲಿ ಕೊಲೊಕೇಶನ್ ಆಗಲಿ, ಅವರು ಕೊಟ್ಟ ವಿಳಾಸ ಅವರದ್ದೇ, ಬಿಟ್ಟು ಹೋಗುವಾಗ ಅಲ್ಲೇ ಉಳಿಯುತ್ತದೆ. ಸ್ವಂತ ಸ್ಲ್ಯಾಶ್ 24, ಅಂದರೆ 256 ವಿಳಾಸದ ಬ್ಲಾಕ್, ಇದ್ದವರು ವಿಳಾಸ ಎಲ್ಲಿದೆ ಎಂದು ಬೇರೆ ಜಾಲಗಳಿಗೆ ಸಾರುವ ಬಿಜಿಪಿ ಮೂಲಕ ಎಲ್ಲಿಗಾದರೂ ಒಯ್ಯಬಹುದು. ಅದಕ್ಕಿಂತ ಚಿಕ್ಕ ಬ್ಲಾಕನ್ನು ಬಹುತೇಕ ಜಾಲಗಳು ಒಪ್ಪುವುದಿಲ್ಲ. ದಾಳಿ ಬಂದಾಗ ಟ್ರಾಫಿಕ್ ಶೋಧಿಸುತ್ತಾರೋ, ಇಲ್ಲ ನಿಮ್ಮ ಐಪಿಯನ್ನೇ ಬ್ಲ್ಯಾಕ್‌ಹೋಲ್ ಮಾಡಿ, ಅಂದರೆ ಅದಕ್ಕೆ ಬರುವುದನ್ನೆಲ್ಲ ಬಿಸಾಡಿ, ಕೈತೊಳೆದುಕೊಳ್ಳುತ್ತಾರೋ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಅಳವಡಿಕೆಯ ದಿನ ಕೆಲಸ ಕೆಡುವುದು ಹೆಚ್ಚಾಗಿ ಸಣ್ಣ ಸಾಮಾನುಗಳಿಂದ. ಸೆಕೆಂಡ್ ಹ್ಯಾಂಡ್ ಸರ್ವರ್ ಜೊತೆ ಅದನ್ನು ಕೂರಿಸುವ ಲೋಹದ ಪಟ್ಟಿ, ಅಂದರೆ ರೈಲ್, ಬಂದಿರುವುದಿಲ್ಲ, ಬೇರೆ ಮಾಡೆಲ್‌ನ ರೈಲ್ ಕೂರುವುದಿಲ್ಲ. ಕೇಜ್ ನಟ್ ಮತ್ತು ಎಂ6 ಸ್ಕ್ರೂ ಒಂದು ಡಬ್ಬಿ, ಸಿ13-ಸಿ14 ಪವರ್ ಕಾರ್ಡ್, ಖಾಲಿ ಯು, ಅಂದರೆ ಖಾಲಿ ಅಂತಸ್ತು, ಮುಚ್ಚುವ ಬ್ಲ್ಯಾಂಕಿಂಗ್ ಪ್ಯಾನೆಲ್ ಒಯ್ಯಿರಿ. ಸ್ವಿಚ್‌ನ ಫ್ಯಾನ್ ಯಾವ ಕಡೆ ಗಾಳಿ ಬಿಡುತ್ತದೆ ನೋಡಿಕೊಳ್ಳಿ. ಸರ್ವರ್ ಮುಂದಿನಿಂದ ಹಿಂದಕ್ಕೆ ಬಿಡುವಾಗ ಸ್ವಿಚ್ ತದ್ವಿರುದ್ಧವಾಗಿದ್ದರೆ ಬಿಸಿ ಗಾಳಿಯನ್ನೇ ಎಳೆದುಕೊಂಡು ಕುದಿಯುತ್ತದೆ. ಮೆಮೊರಿ, ಡಿಸ್ಕ್, ಸಿಪಿಯು ಪರೀಕ್ಷೆಯನ್ನು 48 ಗಂಟೆಯಾದರೂ ಮನೆ ಅಥವಾ ಕಚೇರಿಯಲ್ಲೇ ಮುಗಿಸಿರಬೇಕು.

ಬಾಡಿಗೆಯವರೂ ಕಣ್ಣುಮುಚ್ಚಿ ಕೂರುವಂತಿಲ್ಲ. ಲಾಗಿನ್ ಸಿಕ್ಕ ಮೊದಲ ಗಂಟೆಯಲ್ಲೇ ಸ್ಮಾರ್ಟ್ ವರದಿ ತೆಗೆದು, ಡಿಸ್ಕ್ ಎಷ್ಟು ಗಂಟೆ ಓಡಿದೆ, ಕೆಟ್ಟು ಬದಲಿಸಲಾದ (ರೀಅಲೊಕೇಟೆಡ್) ಸೆಕ್ಟರ್ ಎಷ್ಟು, ಎನ್‌ವಿಎಂಇ ಎಂಬ ಫ್ಲ್ಯಾಶ್ ಡಿಸ್ಕ್ ಆದರೆ ಶೇಕಡಾ ಎಷ್ಟು ಸವೆದಿದೆ ನೋಡಿ. ನಾಲ್ಕೈದು ವರ್ಷ ಓಡಿದ ಡಿಸ್ಕ್ ಬಂದಿದ್ದರೆ ಡೇಟಾ ತುಂಬುವ ಮೊದಲೇ ಬದಲಿಸಿ ಎಂದು ಕೇಳಿ. ಕೇಳಿದರೆ ಎಷ್ಟೋ ಕಡೆ ಕೊಡುತ್ತಾರೆ. ಕೆಟ್ಟ ಡಿಸ್ಕ್ ಅವರ ಕೈಗೇ ಹೋಗುವುದರಿಂದ ಮೊದಲ ದಿನದಿಂದಲೇ ಡಿಸ್ಕ್‌ನಲ್ಲಿರುವುದನ್ನೆಲ್ಲ ಗೂಢಲಿಪಿಯಾಗಿಸುವ ಲಿನಕ್ಸ್‌ನ ಲಕ್ಸ್ ಎನ್‌ಕ್ರಿಪ್ಶನ್ ಇರಲಿ, ರೀಬೂಟ್ ಆದಾಗ ದೂರದಿಂದಲೇ ಪಾಸ್‌ಫ್ರೇಸ್ ಕೊಡುವ ವ್ಯವಸ್ಥೆಯೂ ಇರಲಿ. ಸತ್ತ ಡಿಸ್ಕನ್ನು ಅಳಿಸಲು ಬರುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೊಲೊಕೇಶನ್‌ನವರು ಅವಧಿ, ತಾನಾಗಿ ನವೀಕರಣವಾಗುವ ಷರತ್ತು, ನೋಟಿಸ್ ಅವಧಿ, ಬಾಕಿ ಉಳಿದರೆ ಮಷಿನ್ ತಡೆಹಿಡಿಯುವ ಹಕ್ಕು ಇವಿಷ್ಟನ್ನೂ ಓದಲಿ. ಮಷಿನ್‌ಗೆ ವಿಮೆ ಸಾಮಾನ್ಯವಾಗಿ ನಿಮ್ಮದೇ ಹೊಣೆ. ಶೇ. 99.9 ಸಮಯ ಓಡುತ್ತಿರುತ್ತದೆ ಎಂಬ ಭರವಸೆ ತಿಂಗಳಿಗೆ 43 ನಿಮಿಷ ನಿಂತರೂ ಒಪ್ಪುತ್ತದೆ. ಅದು ಮೀರಿದರೆ ಸಿಗುವುದು ಬಿಲ್‌ನಲ್ಲಿ ಒಂದಿಷ್ಟು ಕಡಿತ. ವ್ಯಾಪಾರದ ನಷ್ಟ ಯಾರೂ ಕಟ್ಟಿಕೊಡುವುದಿಲ್ಲ.

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಸರ್ವರ್ ಬಾಡಿಗೆಗೆ ಕೊಡುವ ಒವಿಎಚ್ ಸಂಸ್ಥೆಯ ಎಸ್‌ಬಿಜಿ2 ಡೇಟಾ ಸೆಂಟರ್ ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಅಲ್ಲೇ ಇದ್ದ ಗ್ರಾಹಕರು ಸರ್ವರ್ ಜೊತೆ ಬ್ಯಾಕಪ್ಪನ್ನೂ ಕಳೆದುಕೊಂಡರು. ಸ್ವಂತ ಮಷಿನ್ ಇಟ್ಟವರಿಗೂ ಬಾಡಿಗೆಯವರಿಗೂ ಈ ಅಪಾಯ ಒಂದೇ. ಇನ್ನೂ ತೀರ್ಮಾನಕ್ಕೆ ಬಾರದವರು ಮೊದಲು ಮೂರು ತಿಂಗಳು ಬಾಡಿಗೆ ಸರ್ವರ್‌ನಲ್ಲೇ ಕೆಲಸ ಓಡಿಸಿ, 95ನೇ ಪರ್ಸೆಂಟೈಲ್, ರ‍್ಯಾಮ್ ಬಳಕೆ, ಡಿಸ್ಕ್ ಬೆಳೆಯುವ ವೇಗ ಬರೆದಿಟ್ಟುಕೊಳ್ಳಲಿ. ಕೊಲೊಕೇಶನ್‌ಗೆ ಹೋದ ಮೇಲೂ ಬೇರೆ ಸಂಸ್ಥೆಯಲ್ಲಿ, ಬೇರೆ ಊರಿನಲ್ಲಿ ಒಂದು ಚಿಕ್ಕ ಬಾಡಿಗೆ ಸರ್ವರ್ ಉಳಿಸಿಕೊಂಡು ಪ್ರತಿ ರಾತ್ರಿ ಬ್ಯಾಕಪ್ ಅಲ್ಲಿಗೆ ಕಳಿಸಲಿ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಇಡೀ ಡೇಟಾಬೇಸ್ ಮರಳಿ ಎಬ್ಬಿಸಿ, ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಲಿ.

ಇಂತಿ,
ಒಬ್ಬ ಸರ್ವರ್ ನಿರ್ವಾಹಕ