ಭಾನುವಾರದ ಸಭೆಗೆ ಮುನ್ನ ದಯವಿಟ್ಟು ಓದಿ

ನಾವು ರೈತರೇ ಸೇರಿ ಕಟ್ಟಿದ ನಮ್ಮ ರೈತ ಉತ್ಪಾದಕ ಕಂಪನಿಯ ಸದಸ್ಯರೆಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 11ಕ್ಕೆ ಶ್ರೀನಿವಾಸಪುರದ ನಮ್ಮ ಗೋದಾಮಿನಲ್ಲಿ ಸಭೆ. ಮಾವು ಮಾಗಿಸುವ ಘಟಕ ಹಾಕಬೇಕೋ ಬೇಡವೋ ಅಂದೇ ತೀರ್ಮಾನವಾಗಬೇಕು.

ಕೇಂದ್ರ ಸರ್ಕಾರ 2020ರಲ್ಲಿ ತಂದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ನಿರ್ವಹಣೆಗೆ ಸಿಗುವುದು ಹೆಚ್ಚೆಂದರೆ 18 ಲಕ್ಷ ರೂಪಾಯಿ, ಅದೂ ಮೂರೇ ವರ್ಷ. ನಮ್ಮ ಮೂರನೇ ವರ್ಷ ಮಾರ್ಚಿಗೆ ಮುಗಿಯುತ್ತದೆ. ಆಮೇಲೆ ಸಿಇಒ (ಮುಖ್ಯ ಕಾರ್ಯನಿರ್ವಾಹಕರ) ಸಂಬಳ, ಆಡಿಟ್ ಖರ್ಚು ಎಲ್ಲವೂ ನಮ್ಮ ವ್ಯಾಪಾರದಿಂದಲೇ ಹುಟ್ಟಬೇಕು. ಬರೀ ಗೊಬ್ಬರ, ಬೀಜ ಮಾರಿ ಅದು ಆಗುವ ಮಾತಲ್ಲ, ಅದಕ್ಕೇ ಮಾಗಿಸುವ ಘಟಕದ ಯೋಚನೆ. ಈ ಹಂತದಲ್ಲೇ ಎಷ್ಟೋ ಸಂಸ್ಥೆಗಳು ಬಾಗಿಲು ಹಾಕುತ್ತವೆ. ನಮ್ಮದು ಹಾಗಾಗಬಾರದು.

ಘಟಕಕ್ಕೆ ಬೇಕಾದ ಹಣವನ್ನು ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ (ಸಮಾಜಸೇವೆಯ ಸಂಸ್ಥೆಗಳು ಹಣ ಎತ್ತುವ ಷೇರು ಮಾರುಕಟ್ಟೆಯ ವಿಭಾಗ) ಮೂಲಕ ತರಬಹುದೇ ಎಂದು ಕೆಲವರು ಕೇಳಿದ್ದೀರಿ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್ ಅಲ್ಲಿ ಮೊದಲಿಗೆ ಹಣ ಎತ್ತಿತು. ಆದರೆ ಹಿಂದಿರುಗಿಸಬೇಕಿಲ್ಲದ ಆ ಹಣ ಲಾಭರಹಿತ ಸಂಸ್ಥೆಗಳಿಗೆ ಮಾತ್ರ. ನಾವು ಸದಸ್ಯರಿಗೆ ಲಾಭ ಹಂಚುವ ಕಂಪನಿ.

ನಮಗೆ ಹೊಂದುವುದು ಕೇಂದ್ರ ಸರ್ಕಾರದ ಸಾಲ ಯೋಜನೆಯಾದ ಕೃಷಿ ಮೂಲಸೌಕರ್ಯ ನಿಧಿ. 2 ಕೋಟಿವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಇದೆ. ಸಾಲವೆಂದರೆ ಭಯ ಇದ್ದೇ ಇರುತ್ತದೆ, ಅದನ್ನು ಸಭೆಯಲ್ಲೇ ಹೇಳಿ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಅಕ್ಕಂದಿರು ತಪ್ಪದೇ ಬನ್ನಿ, ಹೋದ ವರ್ಷದ ಮಾವಿನ ಮಾರಾಟದ ಚೀಟಿಗಳನ್ನೂ ತನ್ನಿ.