ಅಳತೆ ಬರೆದು ಕಳಿಸು

ನವನಗರ, ಬಾಗಲಕೋಟೆ
ಸೋಮವಾರ ರಾತ್ರಿ

ಪ್ರೀತಿಯ ಮಗಳೇ,

ಬೆಳಿಗ್ಗೆ ಐದೂವರೆ ಬಸ್ಸಿಗೆ ನೀನು ಹೊರಟಾಗ ನಾನು ಎಚ್ಚರವಾಗಿಯೇ ಇದ್ದೆ. ಬಾಗಿಲ ಸದ್ದು ಕೇಳಿತು. ಎದ್ದು ಬರಬೇಕು ಅನ್ನಿಸಿತು, ಆದರೆ ರಾತ್ರಿ ಆಡಿದ ಮಾತಿನ ಮೇಲೆ ನಿನಗೆ ಮುಖ ತೋರಿಸಲು ಆಗಲಿಲ್ಲ. ನಿಮ್ಮವ್ವ ಬಸ್‌ಸ್ಟ್ಯಾಂಡಿನವರೆಗೂ ಬಂದಳಲ್ಲ, ಅಷ್ಟೇ ಸಮಾಧಾನ.

ಶಾಲೆಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸಿನ ಹುಡುಗಿಯರ ಗೈಡ್ ದಳ ಶುರು ಮಾಡುತ್ತೇನೆ, ದಳ ನಡೆಸುವ ಟೀಚರಿಗೆ ಬೇಕಾದ ಕ್ಯಾಪ್ಟನ್ ಬೇಸಿಕ್ ಕೋರ್ಸಿಗೆ ರಜೆಯಲ್ಲಿ ಹೋಗುತ್ತೇನೆ ಅಂತ ನೀನು ಎಷ್ಟು ಖುಷಿಯಿಂದ ಹೇಳುತ್ತಿದ್ದೆ. ನಾನು "ನೌಕರಿ ಹತ್ತಿತು, ಇನ್ನ ಆ ಸ್ಕಾರ್ಫ್ ಯಾಕವ್ವಾ?" ಅಂದುಬಿಟ್ಟೆ. ನೀನು ಜಾಸ್ತಿ ಮಾತಾಡಲಿಲ್ಲ. "ಅಪ್ಪಾ, ಆವತ್ತೂ ನೀ ಹಿಂಗ ಅಂದಿದ್ದಿ" ಅಂದು ಒಳಗೆ ಹೋದೆ.

ಇವತ್ತು ಇಡೀ ದಿನ ಮಷೀನಿನ ಮುಂದೆ ಕೂತು ಆವತ್ತಿನದೇ ನೆನಪು. ನಿನ್ನ ಎಸ್ಸೆಸ್ಸೆಲ್ಸಿ ವರ್ಷ. ಗೈಡ್‌ಗಳ ಎಲ್ಲಕ್ಕಿಂತ ದೊಡ್ಡ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದ ಪರೀಕ್ಷಾ ಶಿಬಿರ. ಸಂಜೆ ರೈಲು. ನಾನೇ ಹೊಲಿದ ತಿಳಿನೀಲಿ ಯೂನಿಫಾರ್ಮಿಗೆ ನೀನೇ ಇಸ್ತ್ರಿ ಮಾಡಿಕೊಂಡಿದ್ದೆ. ಬ್ಯಾಗು ಹೊಸ್ತಿಲ ಹತ್ತಿರ ಇತ್ತು. ತೃತೀಯ ಸೋಪಾನದ ಬ್ಯಾಡ್ಜು, ರಾಜ್ಯ ಪುರಸ್ಕಾರದ ಬ್ಯಾಡ್ಜು, ಎಲ್ಲ ನಾನೇ ಕೈಹೊಲಿಗೆ ಹಾಕಿ ಕೂರಿಸಿದವು. ಅಂಥ ಹೊತ್ತಿನಲ್ಲಿ, ಹೊರಡಲು ಒಂದು ತಾಸು ಇರುವಾಗ, ನಾನು ಬೇಡ ಅಂದೆ. ಪರೀಕ್ಷೆ ಹತ್ತಿರ ಬಂತು, ಓದು ಅಂದೆ.

ನೀನು ಅತ್ತಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ. ನೀನು ಕೊರಳಿನ ವಾಗಲ್, ಸ್ಕಾರ್ಫ್ ಹಿಡಿದಿಡುವ ಆ ಬಳೆ, ಜಾರಿಸಿ ತೆಗೆದೆ. ಸ್ಕಾರ್ಫ್ ಬಿಚ್ಚಿದೆ. ಸುರುಳಿ ಬಿಡಿಸಿ, ಮೂರು ಮೂಲೆ ಸರಿ ಮಾಡಿ, ಮಡಚಿ, ನನ್ನ ಮಷೀನಿನ ಮೇಲೆ ಇಟ್ಟೆ. ಸೂಜಿಯ ಕೆಳಗೆ ಯಾರದೋ ಜಂಪರ್ ಇತ್ತು. ಅದರ ಮೇಲೆಯೇ ಇಟ್ಟೆ. ಆ ರಾತ್ರಿ ನಾನು ಅದೇ ಜಂಪರಿನ ತೋಳು ಎರಡು ಸಲ ತಪ್ಪು ಹೊಲಿದು ಎರಡು ಸಲ ಬಿಚ್ಚಿದೆ.

ಎಸ್ಸೆಸ್ಸೆಲ್ಸಿ ಬರೀ ನೆಪ. ಇದನ್ನು ನಿನಗೆ ಒಮ್ಮೆಯೂ ಹೇಳಿಲ್ಲ. ನನಗೆ ಭಯ ಆಗಿತ್ತು. ರಾತ್ರಿ ರೈಲು, ಗೊತ್ತಿಲ್ಲದ ಊರು, ನೀನೊಬ್ಬಳೇ ಮಗಳು. ಜೊತೆಗೆ ಟೀಚರ್ ಇದ್ದರು, ನಿನ್ನ ಗುಂಪಿನ ಹುಡುಗಿಯರು ಇದ್ದರು, ಅವರೆಲ್ಲ ಹೋಗಿ ಸುಖವಾಗಿ ಬಂದರು. ನಿನ್ನ ಪಿಯುಸಿ ಕಾಲೇಜಿನಲ್ಲಿ ದಳವೇ ಇರಲಿಲ್ಲ. ನೋಡನೋಡುತ್ತ ಹದಿನೆಂಟು ತುಂಬಿತು, ಗೈಡ್ ವಯಸ್ಸೇ ಮುಗಿಯಿತು. ತಪ್ಪಾಯಿತವ್ವಾ.

ಮಧ್ಯಾಹ್ನ ಟ್ರಂಕಿನಿಂದ ನಿನ್ನ ಲಾಗ್‌ಬುಕ್ ತೆಗೆದೆ. ಕೊನೆಯ ಪುಟದಲ್ಲಿ ಏಳನೇ ಇಯತ್ತೆಯ ಗುಂಡು ಅಕ್ಷರದಲ್ಲಿ ನಿನ್ನ ಆಸೆಗಳ ಪಟ್ಟಿ. "ಹಗ್ಗದ ಎಲ್ಲ ಗಂಟು ಕಣ್ಣು ಮುಚ್ಚಿ ಹಾಕಬೇಕು." "ರಾಜ್ಯ ಪುರಸ್ಕಾರ." "ರಾಷ್ಟ್ರಪತಿ ಪುರಸ್ಕಾರ." "ಟೀಚರ್." "ಗೈಡ್ ಕ್ಯಾಪ್ಟನ್." ಮೊದಲ ಎರಡರ ಮುಂದೆ ಹಳೇ ಶಾಯಿಯ ಟಿಕ್. ಮೂರನೆಯದಕ್ಕೆ ಟಿಕ್ಕೂ ಇಲ್ಲ, ಹೊಡೆದೂ ಹಾಕಿಲ್ಲ. "ಟೀಚರ್" ಮುಂದಿನ ಟಿಕ್ ಹೊಸ ಪೆನ್ನಿನದು. ನೌಕರಿ ಆರ್ಡರ್ ಬಂದ ದಿನ ಹಾಕಿರಬೇಕು, ಅಲ್ವಾ? ಹನ್ನೆರಡು ವರ್ಷದ ಹುಡುಗಿ ಬರೆದದ್ದನ್ನು ನೀನು ಇನ್ನೂ ಬಿಟ್ಟಿಲ್ಲ. ನಾನು ಸುಮ್ನೆ ಮಕ್ಕಳಾಟ ಅಂದುಕೊಂಡಿದ್ದೆ.

ನೀನು ಸೇರುವಾಗಲೂ "ಹುಡುಗ್ಯಾರಿಗೆ ಇದೆಲ್ಲ ಯಾಕ" ಅಂದಿದ್ದೆ. ಆಗ ನೀನು ಕತೆ ಹೇಳಿದೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಹುಡುಗರು ಸೇರಿದ್ದಾಗ ಕರೆಯದೇ ಇದ್ದರೂ ಹುಡುಗಿಯರು ಬಂದು ನಿಂತರಂತೆ, ನಮಗೂ ಬೇಕು ಅಂದರಂತೆ. ಮರುವರ್ಷವೇ ಸ್ಕೌಟ್ ಕಟ್ಟಿದ ಬೇಡನ್ ಪೊವೆಲ್ ತಮ್ಮ ತಂಗಿ ಆಗ್ನೆಸ್ ಜೊತೆ ಸೇರಿ ಗೈಡ್ಸ್ ಕಟ್ಟಿದರು ಅಂದೆ. ಸೊಂಟದ ಮೇಲೆ ಕೈ ಇಟ್ಟು, ಅಲ್ಲಿಗೆ ನೀನೇ ಹೋಗಿ ಬಂದವಳ ಹಾಗೆ ಹೇಳಿದೆ. ಆವತ್ತು ನನಗೆ ಎಷ್ಟು ಹೆಮ್ಮೆ ಆಯಿತು ಅಂತಲೂ ಹೇಳಿಲ್ಲ.

ಈಗ ದಳ ಕಟ್ಟುತ್ತೀಯಲ್ಲ, ಒಂದೆರಡು ಮಾತು. ಸರ್ಟಿಫಿಕೇಟಿಗಾಗಿ ಯಾರನ್ನೂ ಓಡಿಸಬೇಡ. ಸೋಪಾನ ಅಂದರೆ ಮೆಟ್ಟಿಲು ಅಂತ ನೀನೇ ಹೇಳಿಕೊಟ್ಟವಳು. ಪ್ರವೇಶ ಆಗದೆ ಪ್ರಥಮ ಇಲ್ಲ, ಪ್ರಥಮ ಆಗದೆ ದ್ವಿತೀಯ ಇಲ್ಲ. ಗಂಟು ಬರದ ಹುಡುಗಿ ಇದ್ದರೆ ಅವಳ ಹತ್ತಿರ ಜಾಸ್ತಿ ಹೊತ್ತು ಕೂಡು. ಪ್ರತಿಯೊಬ್ಬಳಿಂದಲೂ ಕೊನೆಯ ಪುಟ ಬರೆಸು. ಶಿಬಿರಕ್ಕೆ ಕರೆದೊಯ್ಯುವ ಮೊದಲು ಮನೆಮನೆಗೆ ಹೋಗು. ಅವರ ಅಪ್ಪಂದಿರ ಎದುರು ಕೂತು ಎಲ್ಲಿಗೆ, ಯಾರು ಜೊತೆಗೆ, ಯಾವತ್ತು ವಾಪಸು, ಯಾವ ಫೋನು, ಎಲ್ಲ ಹೇಳು. ಸಿಟ್ಟು ಮಾಡಿದರೂ ಎದ್ದು ಬರಬೇಡ. ಅವರು ಓದಿನ ಮಾತು ತೆಗೆಯುತ್ತಾರೆ. ಅದು ಓದಿನ ಮಾತಲ್ಲ, ಭಯ. ಇನ್ನೊಂದು ಸಲ ಹೋಗು. ಹೊತ್ತಿಗೆ ಸರಿಯಾಗಿ ಉಣ್ಣು. ಕತ್ತಲಾದ ಮೇಲೆ ಇಂಡಿಯಿಂದ ನಿನ್ನ ಶಾಲೆಯ ಊರಿಗೆ ಒಬ್ಬಳೇ ಟಂಟಂ ಹತ್ತಬೇಡ. ಬಾಡಿಗೆ ಮನೆಗೆ ನಿನ್ನದೇ ಹೊಸ ಕೀಲಿ ಹಾಕು. ನೋಡು, ಮತ್ತೆ ಭಯಕ್ಕೇ ಬಂದೆ.

ಕಟಿಂಗ್ ಟೇಬಲ್ಲಿನ ಮೇಲೆ ನನ್ನ ಚಾಕಿನಿಂದ ಬಾಣದ ಗುರುತು ಬರೆದು ಹೋಗಿದ್ದೀಯ. ಚಿಕ್ಕವಳಿದ್ದಾಗ ಓಣಿಯಲ್ಲಿ ಕಲ್ಲು ಜೋಡಿಸಿ ನೀನೇ ನನಗೆ ಕಲಿಸಿದ್ದೆ, ನಾನು ಮರೆತಿಲ್ಲ. ಬಾಣ ಅಂದರೆ ಈ ದಾರಿ. ಇವತ್ತು ಆ ಟೇಬಲ್ಲಿನ ಮೇಲೆ ಬಟ್ಟೆ ಹಾಸಿಲ್ಲ. ಕಟಿಂಗ್ ಎಲ್ಲ ನೆಲದ ಮೇಲೆಯೇ ಮಾಡಿದೆ.

ರಜೆಯಲ್ಲಿ ಕೋರ್ಸಿಗೆ ಹೋಗು. ಕೊಂಡಜ್ಜಿಯ ತರಬೇತಿ ಕೇಂದ್ರದಲ್ಲಿ ಇದ್ದರೆ ದಾವಣಗೆರೆಯವರೆಗೆ ನಾನೇ ಬಿಟ್ಟು ಬರುತ್ತೇನೆ, ಬೇಡ ಅಂದರೆ ಬರುವುದಿಲ್ಲ. ನಿನ್ನ ಮೊದಲ ಹುಡುಗಿಯರು ಆರು ಜನ ಆಗಲಿ, ಎಂಟು ಜನ ಆಗಲಿ, ಯೂನಿಫಾರ್ಮು ನಾನು ಹೊಲಿಯುತ್ತೇನೆ. ಎದೆ, ಸೊಂಟ, ತೋಳು, ಉದ್ದ, ಹೆಸರಿನ ಮುಂದೆ ಸರಿಯಾಗಿ ಬರೆದು ಕಳಿಸು. ಬೆಳೆಯುವ ಮಕ್ಕಳು, ಒಳಗೆ ಎರಡು ಇಂಚು ಜಾಸ್ತಿ ಬಿಟ್ಟು ಹೊಲಿಯುತ್ತೇನೆ.

ನಿನ್ನ ಅಪ್ಪ